ಇನ್ನೊಂದ್ಸಲ ಆಡೋಣ ಸಾರ್

ಎಂಬಿಎ ಹುಡುಗರಿಗೆ ಪ್ರತಿವರ್ಷ ‘ಬಿಯರ್ ಗೇಮ್’ ಆಡಿಸುತ್ತೇನೆ. 1960ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಆಟ. ಬಿಯರ್ ಅಂದ್ರೆ ಪ್ರಿನ್ಸಿಪಾಲರ ಹುಬ್ಬು ಮೇಲೇರುತ್ತೆ ಅಂತ ನಮ್ಮಲ್ಲಿ ಅದನ್ನು ಬಿಸ್ಕತ್ತು ಮಾಡಿಕೊಂಡಿದ್ದೇವೆ. ಅಂಗಡಿಯವ, ಹೋಲ್‌ಸೇಲಿನವ, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ ಅಂತ ಸಾಲಾಗಿ ನಾಲ್ಕು ಜನ. ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಬೇಕು. ಕೇಳಿದ ಮಾಲು ಕೈಸೇರಲು ವಾರಗಳು ಹಿಡಿಯುತ್ತವೆ. ವಾರಕ್ಕೆ 4 ಪೆಟ್ಟಿಗೆ ಕೊಳ್ಳುತ್ತಿದ್ದ ಗಿರಾಕಿ ಒಂದು ವಾರ 8 ಕೇಳುತ್ತಾನೆ, ಆಮೇಲೆ ಕೊನೇವರೆಗೂ 8. ಅಷ್ಟಕ್ಕೇ ಎಲ್ಲರೂ ಗಾಬರಿಬಿದ್ದು ಆರ್ಡರ್ ಏರಿಸುತ್ತಾರೆ. ಮೊದಲು ಮಾಲೇ ಇಲ್ಲ, ಆಮೇಲೆ ರಾಶಿ ರಾಶಿ.

ಇದಕ್ಕೆ 10 ಇಂಟರ್ನಲ್ ಮಾರ್ಕ್ಸ್ ಇಟ್ಟಿದ್ದೆ. ಮಾರ್ಕ್ಸಿಲ್ಲದೆ ಯಾರು ಆಡ್ತಾರೆ ಅನ್ನೋದು ನನ್ನ ಲೆಕ್ಕ. ಪಕ್ಕದ ತಂಡವನ್ನು ಸೋಲಿಸೋ ಹುಮ್ಮಸ್ಸಿಗೆ ಆಡುವವರೂ ಇದ್ದರು ಅನ್ನಿ.

ಹೋದ ವರ್ಷ ಹೋಲ್‌ಸೇಲಿನವನಾಗಿದ್ದ ಹಿಂದಿನ ಬೆಂಚಿನ ಹುಡುಗ ಹೀನಾಯವಾಗಿ ಸೋತ. ಬೆಲ್ ಹೊಡೆದರೂ ಏಳಲಿಲ್ಲ. ‘ಇನ್ನೊಂದ್ಸಲ ಆಡೋಣ ಸಾರ್.’

‘ಮಾರ್ಕ್ಸ್ ಬದಲಾಗಲ್ಲ ಕಣಪ್ಪಾ.’

‘ಮಾರ್ಕ್ಸಿಗಲ್ಲ ಸಾರ್. ನಮ್ಮಪ್ಪಂದೂ ಏಜೆನ್ಸಿ ಇತ್ತು. ಗೋಡೌನ್ ತುಂಬಾ ಮಾಲು ಉಳಿದು ಮುಚ್ಚಿದ್ರು. ನಿಮಗೆ ವ್ಯಾಪಾರ ಗೊತ್ತಿಲ್ಲ ಅಂತ ಬೈದಿದ್ದೆ. ಈಗ ನಾನೂ ಅದನ್ನೇ ಮಾಡಿದ್ನಲ್ಲ?’

ಗೆಳೆಯರಿಬ್ಬರನ್ನು ಅವನೇ ಹಿಡಿದಿಟ್ಟುಕೊಂಡ. ಗಿರಾಕಿಯ ಚೀಟಿಗಳಲ್ಲಿ ಬೇರೆ ಬೇರೆ ಅಂಕಿ ಬರೆದು ಕಲೆಸಿಟ್ಟು, ಫ್ಯಾಕ್ಟರಿಗೆ ನಾನೇ ಕೂತೆ. ಆರೂವರೆವರೆಗೆ ಆಡಿದೆವು. ಅವನ ಗೋಡೌನ್ ಮತ್ತೆ ತುಂಬಿತು, ಮೊದಲಿಗಿಂತ ಸ್ವಲ್ಪ ಕಮ್ಮಿ. ನನ್ನದಂತೂ ಕೇಳಬೇಡಿ.

ಆರ್ಡರ್ ಚೀಟಿಗಳನ್ನು ವಾರದ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡ. ‘ಮನೆಗೆ ಒಯ್ಲಾ ಸಾರ್? ಅಪ್ಪಂಗೆ ತೋರಿಸ್ಬೇಕು.’