ಪದಾರ್ಥ, ಪ್ರಸಾದ ಮತ್ತು ಮನೆಗೆ ಬಂದವರು



ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಬೇಯಿಸಿದ ಅನ್ನವು ಅರ್ಪಿತವಾಗುವವರೆಗೆ ಪದಾರ್ಥ, ಅರ್ಪಿತವಾದ ಬಳಿಕ ಪ್ರಸಾದ. ಇದನ್ನು ನಾವೆಲ್ಲರೂ ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಆದರೆ ಒಬ್ಬರೇ ಇರುವ ಮನೆಯಲ್ಲಿ ಇದು ನಡೆಯುವ ಬಗೆ ಹೇಗೆ? ಇಷ್ಟಲಿಂಗಕ್ಕೆ ಅರ್ಪಿಸಿ ಉಣ್ಣಲು ಅಡ್ಡಿಯಿಲ್ಲ, ಲಿಂಗವು ಅಂಗೈಯಲ್ಲಿಯೇ ಇದೆ. ಆದರೆ ಜಂಗಮವೆಲ್ಲಿ? ಬಡಿಸುವ ಕೈಗೆ ಎದುರಾಗಿ ಚಾಚುವ ಕೈಯಿಲ್ಲದ ಮನೆಯಲ್ಲಿ ದಾಸೋಹ ಎಂಬ ಶಬ್ದಕ್ಕೆ ಏನರ್ಥ?

ಯಜಮಾನರು ಲಿಂಗೈಕ್ಯರಾದ ಮೇಲೆ ವರದಮೂಲದ ಸಮೀಪದ ನಮ್ಮ ಮನೆಯಲ್ಲಿ ನಾನೊಬ್ಬಳೇ. ಒಂದು ಹಿಡಿ ಅಕ್ಕಿ ಬೇಯಿಸಿದರೆ ಎರಡು ಹೊತ್ತಿಗೆ ಸಾಕು. ಜತೆಗೆ ಮಜ್ಜಿಗೆ, ಉಪ್ಪಿನಕಾಯಿ. ಹಸಿವು ತೀರುತ್ತಿತ್ತು. ಒಬ್ಬರಿಗಾಗಿ ಯಾರೂ ಒರಳಿಗೆ ಕಾಯಿ ಹಾಕುವುದಿಲ್ಲ.

ಕಳೆದ ಶ್ರಾವಣದಲ್ಲಿ ನಾದಿನಿಯು ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಹನ್ನೊಂದು ದಿನ ಇರಲು ಬಂದಳು. ಆಕೆಯನ್ನು ಕೊಟ್ಟಿರುವುದು ಹಾವೇರಿ ಸೀಮೆಗೆ. ನಮ್ಮಲ್ಲಿ ಹುಟ್ಟುವ ವರದೆಯು ಬನವಾಸಿಯನ್ನು ಬಳಸಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವುದು ಆ ಸೀಮೆಯಲ್ಲಿಯೇ. ಬಂದವಳೇ ಹಿತ್ತಲಿಗೆ ಹೋಗಿ ನಿಂತು, “ಅತ್ತಿಗೆ, ಕೆಸು ಇಷ್ಟು ದೊಡ್ಡದಾಗಿ ಎಲೆ ಬಿಟ್ಟಿದೆ, ಪತ್ರೊಡೆ ಮಾಡಲಿಲ್ಲವೇ?” ಎಂದಳು. ಆಕೆ ತವರಿನ ಪತ್ರೊಡೆ ಉಂಡು ಆರು ವರುಷವಾಗಿತ್ತಂತೆ.

ಅಂದೇ ಅಕ್ಕಿ ನೆನೆಸಿದೆ. ಒಣಮೆಣಸು, ಕೊತ್ತಂಬರಿ ಬೀಜ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣು ಸೇರಿಸಿ ರುಬ್ಬಿದೆ. ಹುಣಸೆಯಲ್ಲಿ ಜಿಪುಣತನ ಸಲ್ಲದು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುತ್ತವೆ. ಹುಳಿ ಕಡಿಮೆಯಾದರೆ, ಬೇಯುವುದು ಸಾಲದಾದರೆ ಗಂಟಲು ತುರಿಸುತ್ತದೆ. ಎಲೆಯ ಬೆನ್ನಿನ ದಪ್ಪ ನರವನ್ನು ಹೆರೆದು, ಹಿಟ್ಟು ಬಳಿದು, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಗಿಟ್ಟೆವು. ಸೊಸೆಯು ಸುತ್ತುವುದನ್ನು ಕಲಿತಳು. ಮರುದಿನ ಕಳಲೆ ಸಿಕ್ಕಿತು. ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಯಿಟ್ಟ ಬಳಿಕವೇ ಪಲ್ಯ ಮಾಡಿದ್ದು. ಹಸಿಯ ಕಳಲೆಯ ಕಹಿಯಲ್ಲಿ ವಿಷದ ಅಂಶವಿದೆ. ನೆನೆಸುವುದು ರುಚಿಗಾಗಿ ಮಾತ್ರವಲ್ಲ. ಮೊಮ್ಮಕ್ಕಳು ದಿನಕ್ಕೆ ನಾಲ್ಕು ಸಲ “ಆಯಿತೇ ಅಜ್ಜಿ?” ಎಂದು ಪಾತ್ರೆಗೆ ಇಣುಕುತ್ತಿದ್ದರು. ಆ ಮೂರು ದಿನಗಳ ಕಾಯುವಿಕೆಯಲ್ಲಿದ್ದ ಸಂತೋಷ ಪಲ್ಯದಲ್ಲಿಯೂ ಇರಲಿಲ್ಲ ಎನ್ನಬಹುದು.

ಐದನೆಯ ದಿನದ ಹೊತ್ತಿಗೆ ಒಂದು ಸಂಶಯ ಹುಟ್ಟಿತು. ಹೊಗಳಿಕೆ ಕೇಳಿದಂತೆಲ್ಲ ಬಗೆಗಳು ಹೆಚ್ಚುತ್ತಿದ್ದವು. ಇದು ದಾಸೋಹವೋ, ಅಡುಗೆಯ ಅಹಂಕಾರವೋ? ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕ, ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಲು ಲಕ್ಕಮ್ಮ ಹೇಳಿದಳು. ಈ ಕಥೆಯನ್ನು ಸಾಮಾನ್ಯವಾಗಿ ನಿರಾಶೆಯ ಪಾಠವಾಗಿ, ಎಂದರೆ ಆಶೆಯಿಲ್ಲದಿರುವಿಕೆಯ ಪಾಠವಾಗಿ ವಿವರಿಸುತ್ತಾರೆ. ಒಲೆಯ ಮುಂದೆ ನಿಂತವಳಿಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಲಕ್ಕಮ್ಮನಿಗೆ ಉಣ್ಣುವವರ ಅಳತೆ ಗೊತ್ತಿತ್ತು. ಅಳತೆ ಗೊತ್ತಿರಬೇಕಾದರೆ ಉಣ್ಣುವವರ ಮುಖ ಗೊತ್ತಿರಬೇಕು. ಆರನೆಯ ದಿನದಿಂದ ಎರಡೇ ಬಗೆ ಮಾಡಿದೆ. ತಣಿಗೆಯಲ್ಲಿ ಏನೂ ಉಳಿಯಲಿಲ್ಲ. ನಾದಿನಿ ಹಿರಿಯರಂತೆ ತಣಿಗೆ ತೊಳೆದು ಆ ನೀರನ್ನೂ ಕುಡಿದಳು.

ಬಂದವರನ್ನು ಕಾಯುವ ಗುಣ ಈ ನೆಲಕ್ಕೆ ಹೊಸದಲ್ಲ. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮಾಜಿ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಆಕೆಯ ದತ್ತುಪುತ್ರ ಬಸವಪ್ಪನಾಯಕನು 1709ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ಶಿವತತ್ತ್ವದೊಡನೆ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಅಡುಗೆಯನ್ನು ಕೀಳು ವಿಷಯವೆಂದು ಆ ವೀರಶೈವ ಅರಸು ಬಗೆಯಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. (ಅರಸನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು ಬೇರೆ ಇದ್ದರು, ಅದು ಬೇರೆ ಮಾತು.)

ಜಂಗಮವೆಂದರೆ ಚಲಿಸುವುದು. ಕಾವಿಯುಟ್ಟು ಬಂದವರಷ್ಟೇ ಜಂಗಮರೆಂದು ನಾನು ತಿಳಿದಿಲ್ಲ. ಬಸ್ಸಿನಿಂದಿಳಿದು ಮಳೆಯಲ್ಲಿ ನೆನೆದು ಬಂದ ಆ ಎರಡು ಮಕ್ಕಳನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ? ಅವರು ಹೊರಟ ಮರುದಿನವೂ ಅಭ್ಯಾಸಬಲದಿಂದ ಎರಡು ಪಾವು ಅಕ್ಕಿ ತೊಳೆದಿದ್ದೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು ಬಂದಿದ್ದ ಮೂವರನ್ನು ಜಗುಲಿಗೆ ಕರೆದು ಬಡಿಸಿದೆ. ಈಗ ಸೋಮವಾರಗಳಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ನಾದಿನಿಯು ಬಿಟ್ಟುಹೋದ ಜೋಳದ ಹಿಟ್ಟು ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ. ಆಕೆ ಬಡಿದಂತೆ ರೊಟ್ಟಿ ಬಡಿಯಲು ನನಗೆ ಇನ್ನೂ ಬಂದಿಲ್ಲ, ಅಂಚು ಒಡೆಯುತ್ತದೆ. ಉಣ್ಣುವವರು ಯಾರೂ ದೂರಿಲ್ಲ.