ಕಾಣದ ಠಾವಿಗೆ ಗುರಿ

ದ್ರೌಪದಿಯ ಸ್ವಯಂವರದಲ್ಲಿ ಮತ್ಸ್ಯಯಂತ್ರವನ್ನು ಭೇದಿಸಿದ ಅರ್ಜುನನಿಗೆ ಒಂದು ಅನುಕೂಲವಿದ್ದಿತು. ಮೇಲೆ ಮೀನು ತಿರುಗುತ್ತಿದ್ದರೂ ಅವನ ಕಾಲ ಕೆಳಗಿನ ನೆಲ ಅಲುಗದೆ ನಿಂತಿದ್ದಿತು. ಯುದ್ಧನೌಕೆಯಲ್ಲಿ ಫಿರಂಗಿ ಹಾರಿಸುವ ಗೋಲಂದಾಜನಿಗೆ ಆ ಸೌಕರ್ಯವೂ ಇಲ್ಲ. ಅವನ ಹಡಗು ಓಡುತ್ತದೆ, ಅಲೆಗಳ ಮೇಲೆ ತೂಗುತ್ತದೆ. ಶತ್ರುವಿನ ಹಡಗೂ ತನ್ನ ದಾರಿ ಹಿಡಿದು ಓಡುತ್ತದೆ. 25 ನಾಟ್ ವೇಗದ ಎರಡು ಹಡಗುಗಳು ಎದುರುಬದುರಾಗಿ ಬಂದರೆ ಒಂದು ನಿಮಿಷದಲ್ಲಿ ನಡುವಣ ದೂರ ಸುಮಾರು 1,690 ಗಜ ಕುಗ್ಗುತ್ತದೆ. ದೂರಕ್ಕೆ ಹಾರಿಸಿದ ಗುಂಡೋ ಅರ್ಧ ನಿಮಿಷದವರೆಗೆ ಆಕಾಶದಲ್ಲಿಯೇ ಇರುತ್ತದೆ. ಆದುದರಿಂದ ಶತ್ರುವಿರುವ ಸ್ಥಳಕ್ಕಲ್ಲ, ಅವನು ಇನ್ನೂ ಬಾರದ ಸ್ಥಳಕ್ಕೆ ಗುರಿಯಿಡಬೇಕು.

1900ರಲ್ಲಿ ಆರ್ಥರ್ ಪಾಲನ್ ಎಂಬ ಆಂಗ್ಲೇಯನು ಮಾಲ್ಟಾ ದ್ವೀಪದ ಬಳಿ ನೌಕಾಪಡೆಯ ಗುಂಡಿನ ಅಭ್ಯಾಸವನ್ನು ನೋಡಿದನು. ಆತ ನಾವಿಕನಲ್ಲ, ಅಚ್ಚುಮೊಳೆ ಜೋಡಿಸುವ ಲೈನೋಟೈಪ್ ಯಂತ್ರದ ಕಂಪನಿಯನ್ನು ನಡೆಸುತ್ತಿದ್ದವನು. ಅಲ್ಲಿನ ಗುರಿ ಸುಮಾರು 1,400 ಗಜ ದೂರದಲ್ಲಿ ಮಾತ್ರ ಇದ್ದಿತು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ನೆಲಕ್ಕಿಳಿಸಿದ ಹಡಗಿನ ಫಿರಂಗಿಗಳು ಹಲವು ಮೈಲಿ ದೂರಕ್ಕೆ ಗುಂಡು ಹೊಡೆಯುತ್ತಿದ್ದವು. ಫಿರಂಗಿಯಲ್ಲಿ ಕೊರತೆಯಿಲ್ಲ, ಕೊರತೆ ಲೆಕ್ಕದಲ್ಲಿ. ನಾವಿಕರಿಗೆ ರೂಢಿಯಾಗಿದ್ದುದು ಹೊರಗಿನವನಿಗೆ ವಿಚಿತ್ರವಾಗಿ ತೋರಿತು.

ಈ ಲೆಕ್ಕಕ್ಕೆ ಆಗ ಎರಡು ಉಪಕರಣಗಳು ಹುಟ್ಟಿಕೊಂಡವು. ಸಿಡ್ನಿಯಲ್ಲಿ ಜನಿಸಿದ ನೌಕಾಧಿಕಾರಿ ಜಾನ್ ಡುಮೆರಿಕ್ 1902ರಲ್ಲಿ ಕಲ್ಪಿಸಿದ ಸಾಧನದಲ್ಲಿ ಎರಡೂ ಹಡಗುಗಳ ವೇಗವನ್ನೂ ದಿಕ್ಕನ್ನೂ ಪಟ್ಟಿಗಳ ಮೇಲೆ ಇಟ್ಟರೆ, ದೂರವು ಯಾವ ಪ್ರಮಾಣದಲ್ಲಿ ಬದಲಾಗುತ್ತಿದೆಯೆಂದು ಓದಿಕೊಳ್ಳಬಹುದಾಗಿದ್ದಿತು. ವಿಕರ್ಸ್ ಗಡಿಯಾರಕ್ಕೆ ಆ ಪ್ರಮಾಣವನ್ನು ಕೊಟ್ಟರೆ ಅದರ ಮುಳ್ಳು ವೇಳೆಯ ಬದಲು ದೂರವನ್ನು ತೋರಿಸುತ್ತ ನಡೆಯುತ್ತಿದ್ದಿತು. ಆದರೆ ಆ ಪ್ರಮಾಣವೇ ನಿಲ್ಲುವುದಿಲ್ಲ. ದಾರಿಯಿಂದ ತುಸು ದೂರದಲ್ಲಿ ನಿಂತವನು ಬಂಡಿಯೊಂದನ್ನು ನೋಡಲಿ: ಅದು ಒಂದೇ ವೇಗದಲ್ಲಿ ಓಡಿದರೂ ಮೊದಲು ಬೇಗ ಸಮೀಪಿಸುತ್ತದೆ, ಬಳಿಕ ನಿಧಾನವಾಗಿ, ನೇರ ಎದುರಿಗೆ ಬಂದ ಕ್ಷಣ ಹತ್ತಿರವೂ ಆಗದು ದೂರವೂ ಆಗದು, ಆಮೇಲೆ ಸರಿದುಹೋಗುತ್ತದೆ. ಗಡಿಯಾರವನ್ನು ಕೈಯಿಂದ ಮತ್ತೆ ಮತ್ತೆ ತಿದ್ದುವಷ್ಟರಲ್ಲಿ ಗುಂಡು ನೀರಿಗೆ ಬಿದ್ದಿರುತ್ತದೆ.

ಪಾಲನ್ ಮತ್ತು ಆತನ ಯಂತ್ರಶಿಲ್ಪಿ ಹೆರಾಲ್ಡ್ ಇಷರ್‌ವುಡ್ ನಿರ್ಮಿಸಿದ ಆರ್ಗೋ ಗಡಿಯಾರವು ಆ ಬದಲಾವಣೆಯನ್ನು ತಾನಾಗಿಯೇ ಎಣಿಸುತ್ತಿದ್ದಿತು. ಆದರೂ ನೌಕಾ ಇಲಾಖೆಯು ತನ್ನ ಅಧಿಕಾರಿಯೇ ಆದ ಫ್ರೆಡರಿಕ್ ಡ್ರೇಯರನ ಲೆಕ್ಕದ ಮೇಜನ್ನು ಆರಿಸಿಕೊಂಡಿತು. ಪಾಲನ್ನನಿಗೆ 30,000 ಪೌಂಡುಗಳ ಪುರಸ್ಕಾರ ದೊರೆತುದು 1925ರಲ್ಲಿ.

ಯಾರ ಯಂತ್ರ ಮೇಲೆಂಬ ವಾದ ಇಂದಿಗೂ ಪಂಡಿತರಲ್ಲಿದೆ. ಆದರೆ ಎರಡಕ್ಕೂ ಸಮಾನವಾದ ಒಂದು ಸಂಗತಿಯುಂಟು. ಶತ್ರುವಿನ ವೇಗವನ್ನೂ ದಿಕ್ಕನ್ನೂ ಮೊದಲು ಮನುಷ್ಯನ ಕಣ್ಣು ಹೊಗೆ ಮಂಜುಗಳ ನಡುವೆ ಅಂದಾಜು ಮಾಡಿ ಕೊಡಬೇಕು. ಮತ್ತು ಶತ್ರು ಹಿಡಿದ ದಾರಿಯನ್ನು ಬಿಡಲಾರನೆಂದು ನಂಬಬೇಕು. ಗುಂಡು ಹಾರುತ್ತಿರುವಾಗ ಅವನು ಚುಕ್ಕಾಣಿ ತಿರುಗಿಸಿದರೆ ಹಲ್ಲುಗಾಲಿಗಳ ಸೂಕ್ಷ್ಮವೆಲ್ಲ ವ್ಯರ್ಥ. ಯಂತ್ರವು ಅಂದಾಜನ್ನು ತಪ್ಪಿಲ್ಲದೆ ಬೆಳೆಸಬಲ್ಲದು, ಸತ್ಯವನ್ನಾಗಿ ಮಾಡಲಾರದು.

ಈ ಗಡಿಯಾರ, ಮೇಜುಗಳನ್ನು ಹಡಗಿನ ಒಡಲಲ್ಲಿ, ಉಕ್ಕಿನ ಕವಚದ ಕೆಳಗಿನ ಕೋಣೆಯಲ್ಲಿ ಇಡುತ್ತಿದ್ದರು. ಹಿಡಿಗಳನ್ನು ತಿರುಗಿಸುತ್ತಿದ್ದವರಿಗೆ ಶತ್ರುವೂ ಕಾಣಿಸನು, ಸಮುದ್ರವೂ ಕಾಣಿಸದು. ಮೇಲಿನಿಂದ ಬಂದ ಅಂಕಿಗಳೇ ಅವರ ಯುದ್ಧ. ಆರ್ಗೋ ಗಡಿಯಾರವನ್ನು ಪಡೆದಿದ್ದ ಕೆಲವೇ ಹಡಗುಗಳಲ್ಲಿ ‘ಕ್ವೀನ್ ಮೇರಿ’ ಒಂದು. 1916ರ ಮೇ 31ರಂದು ಜಟ್ಲೆಂಡ್ ಕದನದಲ್ಲಿ ಜರ್ಮನರ ಗುಂಡು ತಗುಲಿ, ಮದ್ದಿನ ಮನೆ ಸಿಡಿದು, ಅದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಮಡಿದವರು 1,266 ಮಂದಿ. ಅವರ ಕಡೆಗೆ ಗುರಿಯಿಟ್ಟಿದ್ದವರೂ ಬೇರೊಂದು ಹಡಗಿನಲ್ಲಿ, ಬೇರೆ ಉಪಕರಣಗಳಿಂದ, ‘ಕ್ವೀನ್ ಮೇರಿ’ ಇನ್ನೂ ತಲಪದಿದ್ದ ಠಾವನ್ನೇ ಎಣಿಸುತ್ತಿದ್ದರು.