ಗಾಡಿ ಸ್ಲೋ ನಿಲ್ತಿಲ್ವಾ? ಕಾರ್ಬೊರೇಟರ್ ಬದಲಾಯಿಸೋ ಮುಂಚೆ ಇಷ್ಟು ನೋಡಿ

ಬಂಧುಗಳೇ, ಇವತ್ತು ರಾಜಕೀಯ ಬರೀತಿಲ್ಲ. ಬೈಕಿನ ವಿಷಯ. ಒಂದೇ ತಿಂಗಳಲ್ಲಿ ಮೂವರು ಹುಡುಗರು ಬಂದು ಒಂದೇ ಮಾತು ಹೇಳಿದರು. "ಅಣ್ಣಾ, ಗಾಡಿ ಸ್ಲೋ ನಿಲ್ತಿಲ್ಲ. ಸಿಗ್ನಲ್‌ನಲ್ಲಿ ಒಂದ್ಸಲ ತಾನೇ ರೇಸ್ ಆಗ್ತದೆ, ಇನ್ನೊಂದ್ಸಲ ಆಫ್. ಗ್ಯಾರೇಜಲ್ಲಿ ಕಾರ್ಬೊರೇಟರೇ ಹೋಗಿದೆ ಅಂದ್ರು." ಮೂವರಲ್ಲಿ ಇಬ್ಬರು ಆ ಗಾಡಿ ಮೇಲೇ ಊಟದ ಪಾರ್ಸೆಲ್ ಹಂಚಿ ಬದುಕೋರು. ಗಾಡಿ ಒಂದು ದಿನ ನಿಂತ್ರೆ ಆ ದಿನದ ದುಡಿಮೆ ಇಲ್ಲ, ಅದರ ಮೇಲೆ ಎರಡು ಮೂರು ಸಾವಿರದ ಬಿಲ್ಲು. ಅದಕ್ಕೇ ಉದ್ದಕ್ಕೆ ಬರೀತಿದೀನಿ. ಸೇವ್ ಮಾಡಿಟ್ಕೊಳ್ಳಿ.

ನಾನು ಮೆಕ್ಯಾನಿಕ್ ಅಲ್ಲ, ಫೈಲು ನೋಡೋ ಗುಮಾಸ್ತ. ನಮ್ಮಪ್ಪ ಜೀವನವಿಡೀ ಕೂಲಿ ಮಾಡಿದವರು, ನನ್ನ ಕೈಗೆ ಸ್ಪ್ಯಾನರ್ ಕೊಡೋಕೇ ಬಿಡಲಿಲ್ಲ. "ನೀನು ಓದು, ಕೈ ಮಸಿ ಮಾಡ್ಕೋಬೇಡ" ಅನ್ನೋರು. ಆ ಮಾತಿನ ಹಿಂದಿನ ನೋವು ನಮ್ಮವರಿಗೆಲ್ಲ ಗೊತ್ತು. ಆದ್ರೆ ನನ್ನದು 2009ರ ಸ್ಪ್ಲೆಂಡರ್. ಸಭೆಗೆ, ಠಾಣೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೇ. ರಾತ್ರಿ ಹತ್ತಕ್ಕೆ ಹಳ್ಳಿ ರಸ್ತೇಲಿ ಆಫ್ ಆದ್ರೆ ಯಾವ ಡಿಗ್ರೀನೂ ಕೆಲಸಕ್ಕೆ ಬರಲ್ಲ. ಹಂಗಾಗಿ ಕಲಿತೆ.

ಮೊದಲು ಇದು ಯಾಕಾಗ್ತದೆ ಅನ್ನೋದು ತಿಳ್ಕೋಬೇಕು. ನೀವು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂಜಿನ್ನಿಗೆ ಪೆಟ್ರೋಲ್ ಬರೋದು ಪೈಲಟ್ ಜೆಟ್ ಅನ್ನೋ ಒಂದು ಪುಟ್ಟ ಹಿತ್ತಾಳೆ ತುಂಡಿನ ತೂತಿನಿಂದ. ಆ ತೂತು ಅರ್ಧ ಮಿಲಿಮೀಟರೂ ಇಲ್ಲ. ಅದೇ ಹೊತ್ತಲ್ಲಿ ಇಂಜಿನ್ ಗಾಳಿಯನ್ನ ಜೋರಾಗಿ ಎಳೀತಿರ್ತದೆ. ಕಾರ್ಬೊರೇಟರ್ ಮತ್ತು ಇಂಜಿನ್ ಸೇರೋ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಇದ್ರೂ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಗ ಇಂಜಿನ್ ಏರೋದು, ಇಳಿಯೋದು, ಮತ್ತೆ ಏರೋದು. ರೋಡಲ್ಲಿ ಓಡ್ತಾ ಇದ್ದಾಗ ಯಾಕೆ ಸರಿ ಇರ್ತದೆ ಅಂದ್ರೆ, ಆಗ ಹೋಗೋ ಗಾಳಿ ಪೆಟ್ರೋಲ್ ಎರಡೂ ಜಾಸ್ತಿ, ಆ ಸಂದಿನ ಗಾಳಿ ಅದರಲ್ಲಿ ಯಾವ ಲೆಕ್ಕವೂ ಅಲ್ಲ.

ಗಾಡಿಯನ್ನ ಬಯಲಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಿಸಿ. ಮನೆ ಒಳಗೆ, ಶೆಡ್ಡಿನ ಬಾಗಿಲು ಹಾಕ್ಕೊಂಡು ಬೇಡ, ಆ ಹೊಗೆ ಜೀವ ತೆಗೀತದೆ.

ಈಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ. ತಿರುಗಿಸಿದಾಗ ಇಂಜಿನ್ ಸದ್ದು ಏರಿದ್ರೆ ತಪ್ಪು ಕಾರ್ಬೊರೇಟರ್‌ದಲ್ಲ, ಆಕ್ಸಿಲರೇಟರ್ ಕೇಬಲ್ಲಿದು. ಕೇಬಲ್ಲಿಗೆ ಎರಡರಿಂದ ಆರು ಮಿಲಿಮೀಟರ್ ಪ್ಲೇ ಇರಬೇಕು.

ಅದು ಸರಿ ಇದ್ರೆ ಚೋಕ್ ಪರೀಕ್ಷೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಕಾಸೂ ಖರ್ಚಿಲ್ಲ. ಬಿಸಿಯಾದ ಗಾಡಿಗೆ ಚೋಕ್ ಸ್ವಲ್ಪವೇ ಎಳೀರಿ. ಚೋಕ್ ಎಳೆದ್ರೆ ಗಾಳಿ ಕಮ್ಮಿ ಆಗ್ತದೆ. ಆಗ ಇಂಜಿನ್ ಏರಿಳಿತ ಬಿಟ್ಟು ಸಮ ಆಯ್ತಾ? ಹಂಗಾದ್ರೆ ಪೆಟ್ರೋಲ್ ಸಾಲ್ತಿಲ್ಲ. ಒಂದೋ ಎಲ್ಲೋ ಗಾಳಿ ತಗೋತಿದೆ, ಇಲ್ಲಾ ಪೈಲಟ್ ಜೆಟ್ ಕಟ್ಟಿದೆ. ಅದರ ಬದಲು ಇನ್ನೂ ಕೆಟ್ಟು, ಗುಡುಗುಡು ಅಂದು ಆಫ್ ಆಯ್ತಾ? ಆಗ ಪೆಟ್ರೋಲೇ ಜಾಸ್ತಿ ಆಗಿರಬಹುದು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡೀರಿ, ನಮ್ಮ ಕಡೆ ಧೂಳಿಗೆ ಅದು ಮಣ್ಣಿನ ಹೆಂಟೆ ಥರ ಆಗಿರ್ತದೆ. ಪ್ಲಗ್ ಬಿಚ್ಚಿ ನೋಡಿದ್ರೂ ಗೊತ್ತಾಗ್ತದೆ. ಒಣ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಥರ ಬಿಳಿ ಇದ್ರೆ ಕಮ್ಮಿ, ಬಿಸ್ಕತ್ತಿನ ಬಣ್ಣ ಇದ್ರೆ ಸರಿ. ಆಯಿಲ್ ಹಸಿ ಇದ್ರೆ ಮಾತ್ರ ಮೆಕ್ಯಾನಿಕ್ ಹತ್ರ ಹೋಗಿ.

ಗಾಳಿ ಎಲ್ಲಿ ಹೋಗ್ತಿದೆ ಅಂತ ಹುಡುಕೋಕೆ ಸೋಪಿನ ನೀರು ಸಾಕು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಕಾರ್ಬೊರೇಟರ್ ಇಂಜಿನ್ನಿಗೆ ಕೂರೋ ಜಾಯಿಂಟ್ ಸುತ್ತ ಸ್ವಲ್ಪ ಸ್ವಲ್ಪ ಚಿಮುಕಿಸಿ. ಸದ್ದು ಬದಲಾದ ಜಾಗವೇ ಕಳ್ಳನ ಜಾಗ. ಕೆಲವರು ಪೆಟ್ರೋಲೇ ಚಿಮುಕಿಸ್ತಾರೆ. ದಯವಿಟ್ಟು ಬೇಡ, ಬೆಂಕಿ ಹತ್ತಿದ್ರೆ ಗಾಡಿನೂ ಇಲ್ಲ, ಕೈನೂ ಇಲ್ಲ. ಹೋದ ಮಳೆಗಾಲದಲ್ಲಿ ನನ್ನ ಗಾಡಿಗೆ ಇದೇ ಆಗಿತ್ತು. ಒಂದು ಗ್ಯಾರೇಜಿನವರು ನೋಡದೇ ಕೇಳದೇ 2,800 ರೂಪಾಯಿ ಅಂದ್ರು. ಭಾನುವಾರ ಸೋಪಿನ ನೀರು ಹಾಕಿ ನೋಡಿದ್ರೆ ಕಾರ್ಬೊರೇಟರ್ ಹಿಂದಿನ ಓ ರಿಂಗ್ ಒಣಗಿ ಚಪ್ಪಟೆ ಆಗಿತ್ತು. ಹತ್ತನೇ ನಂಬರ್ ಸ್ಪ್ಯಾನರ್, ಎರಡು ಬೋಲ್ಟು, ಇಪ್ಪತ್ತು ರೂಪಾಯಿ ರಬ್ಬರು. ಅವತ್ತಿಂದ ಸರಿ ಇದೆ.

ಗಾಳಿ ಎಲ್ಲೂ ಹೋಗ್ತಿಲ್ಲ ಅಂದ್ರೆ ಜೆಟ್. ಮೊದಲು ಇಂಜಿನ್ ಆಫ್ ಮಾಡಿ ತಣ್ಣಗಾಗೋಕೆ ಬಿಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಬುಡದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಶೀಷೆಗೆ ಹಿಡೀರಿ. ತಳದಲ್ಲಿ ಬೇರೆ ಪದರ ನಿಂತ್ರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರ್ತದೆ, ಅದು ತೇವ ಎಳ್ಕೊಳ್ತದೆ. ವಾರಗಟ್ಟಲೆ ನಿಂತ ಗಾಡಿಗೆ ಇದು ಜಾಸ್ತಿ. ಜೆಟ್ ಬಿಚ್ಚಿದ್ರೆ ಕ್ಲೀನರ್ ಹಾಕಿ ಗಾಳಿ ಊದಿ. ಪಿನ್ನು, ಕಬ್ಬಿಣದ ತಂತಿ ಚುಚ್ಚಬೇಡಿ. ತೂತು ಒಂಚೂರು ದೊಡ್ಡದಾದ್ರೂ ಮೈಲೇಜ್ ಹೋಯ್ತು. ಮಿಕ್ಸ್‌ಚರ್ ಸ್ಕ್ರೂ ಮುಟ್ಟೋ ಮುಂಚೆ, ಅದು ಎಷ್ಟು ಸುತ್ತು ಒಳಗೆ ಹೋಗ್ತದೆ ಎಣಿಸಿ ಬರೆದಿಟ್ಕೊಳ್ಳಿ. ತಿರುಗಿಸಿದ್ರೂ ಇಂಜಿನ್ ಸದ್ದಿನಲ್ಲಿ ಏನೂ ಬದಲಾಗಲಿಲ್ಲ ಅಂದ್ರೆ ಜೆಟ್ಟಿನ ದಾರಿ ಇನ್ನೂ ಕಟ್ಟಿದೆ ಅಂತಲೇ ತಿಳೀರಿ.

ನನಗೆ ಸಿಟ್ಟು ಬರೋದು ಒಂದೇ ವಿಷಯಕ್ಕೆ. ಇದ್ಯಾವುದನ್ನೂ ನೋಡದೆ ಸ್ಲೋ ಸ್ಕ್ರೂ ಎರಡು ಸುತ್ತು ಟೈಟ್ ಮಾಡಿ "ಆಯ್ತು ತಗೊಂಡ್ ಹೋಗಿ" ಅನ್ನೋದು. ಸ್ಪ್ಲೆಂಡರ್ 1,400 ಆರ್‌ಪಿಎಂ ಆಸುಪಾಸಲ್ಲಿ ನಿಲ್ಲಬೇಕಾದ ಗಾಡಿ. ಅದನ್ನ ಎರಡು ಸಾವಿರಕ್ಕೆ ಏರಿಸಿದ್ರೆ ಆಫ್ ಆಗಲ್ಲ ನಿಜ, ಪೆಟ್ರೋಲ್ ಮಾತ್ರ ಸಿಗ್ನಲ್ ಸಿಗ್ನಲ್‌ಗೂ ನಿಮ್ಮ ಜೇಬಿಂದ ಹೋಗ್ತಿರ್ತದೆ. ರೋಗ ಹಂಗೇ ಇರ್ತದೆ. ಎಲ್ಲ ಮೆಕ್ಯಾನಿಕ್‌ಗಳೂ ಹಿಂಗೆ ಅಂತ ನಾನು ಹೇಳ್ತಿಲ್ಲ. ನನಗೆ ಇಷ್ಟೆಲ್ಲ ಕಲಿಸಿದವರೂ ಒಬ್ಬ ಮೆಕ್ಯಾನಿಕ್ಕೇ, ಟೀ ಬಿಟ್ರೆ ಬೇರೇನೂ ಮುಟ್ಟಲಿಲ್ಲ. ಟ್ಯಾಪೆಟ್ ಬಿಗಿಯಾಗಿದ್ರೂ ಬಿಸಿಯಾದ ಮೇಲೆ ಸ್ಲೋ ಕೆಡ್ತದೆ. ಅಂಥಾ ಕೆಲಸ ಅವರಂಥವರ ಕೈಲೇ ಮಾಡಿಸಿ.

2020ರ ಏಪ್ರಿಲ್ ಆದ್ಮೇಲೆ ಬಂದ ಬಿಎಸ್6 ಗಾಡಿ ಇರೋರು ಗಮನಿಸಿ, ನಿಮ್ಮದರಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರ್ತದೆ. ಚೋಕು, ಜೆಟ್ಟು ಹುಡುಕಬೇಡಿ. ಏರ್ ಫಿಲ್ಟರ್, ಪ್ಲಗ್ ನೋಡಿ. ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಬಂದಿದ್ರೆ ಅದನ್ನ ಓದೋ ಮಷೀನ್ ಇರೋ ಕಡೆ ಹೋಗಿ, ಏನು ಬಂತು ಅಂತ ನಿಮ್ಮ ಕಣ್ಣಲ್ಲೇ ನೋಡಿ.

ಹಳೇ ಗಾಡಿಯವರು ಈ ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದಿನ ಬಯಲಿಗೆ ಬನ್ನಿ, ಹನ್ನೆರಡರ ತನಕ ಇರ್ತೀನಿ. ಬರುವಾಗ ಒಂದು ಹಳೇ ಬಟ್ಟೆ, ಗಾಜಿನ ಶೀಷೆ ತನ್ನಿ. ಹೆಣ್ಮಕ್ಕಳೂ ಬನ್ನಿ, ಸ್ಕೂಟಿನೂ ನೋಡೋಣ. ಜೈ ಭೀಮ್.